ಗಣಿತದಲ್ಲಿ 58 ಅಂಕ ಬಂದವರು ಭೌತಶಾಸ್ತ್ರ ಓದಬಹುದೇ?

ಪ್ರಶ್ನೆ: ನಾನು ಶಾಲಾ ವಿದ್ಯಾಭ್ಯಾಸ ಮುಗಿಸಿ ಪದವಿಗೆ ಸೇರುವ ಹಂತದಲ್ಲಿದ್ದೇನೆ. ಭೌತಶಾಸ್ತ್ರವನ್ನೇ ಮುಖ್ಯ ವಿಷಯವಾಗಿ ಓದಬೇಕೆಂಬ ಆಸೆ ಮೂರು ವರ್ಷಗಳಿಂದ ಇದೆ. ಆದರೆ ಕೊನೆಯ ಪರೀಕ್ಷೆಯಲ್ಲಿ ನನಗೆ ನೂರಕ್ಕೆ ಗಣಿತದಲ್ಲಿ 58, ಭೌತಶಾಸ್ತ್ರದಲ್ಲಿ 67, ಭಾಷೆಯಲ್ಲಿ 91 ಅಂಕಗಳು ಬಂದಿವೆ. ಜೊತೆಯವರು ಹತ್ತು ನಿಮಿಷದಲ್ಲಿ ಬಿಡಿಸುವ ಲೆಕ್ಕಕ್ಕೆ ನನಗೆ ಅರ್ಧ ಗಂಟೆ ಬೇಕಾಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಮನೆಯವರು ಹೇಳುತ್ತಾರೆ. ಸುಲಭದ ವಿಷಯ ತೆಗೆದುಕೊಂಡು ಒಳ್ಳೆಯ ಅಂಕ ಗಳಿಸುವುದು ಜಾಣತನವೇ, ಅಥವಾ ಕಷ್ಟವೆಂದು ಗೊತ್ತಿದ್ದೂ ಇಷ್ಟದ ವಿಷಯಕ್ಕೇ ಸೇರಬೇಕೇ? ನನಗೆ ಆ ಮಟ್ಟದ ಬುದ್ಧಿ ಇದೆಯೇ ಎಂದು ತಿಳಿಯುವುದು ಹೇಗೆ?

ಉತ್ತರ: ನಿಮ್ಮ ಪತ್ರದ ಕೊನೆಯ ವಾಕ್ಯದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದೆಲ್ಲ ಗೊಂದಲ ಹುಟ್ಟಿರುವುದು ಅಲ್ಲಿಂದಲೇ. ‘ಆ ಮಟ್ಟದ ಬುದ್ಧಿ ನನಗಿದೆಯೇ’ ಎಂಬ ಪ್ರಶ್ನೆಗೆ ನಾನಾಗಲಿ, ನಿಮ್ಮ ಅಧ್ಯಾಪಕರಾಗಲಿ, ಸ್ವತಃ ನೀವಾಗಲಿ ಕುಳಿತಲ್ಲೇ ಉತ್ತರ ಹೇಳಲಾಗದು. ಆದರೆ ‘ನನ್ನ ಲೆಕ್ಕ ನಿಖರವಾಗಿ ಎಲ್ಲಿ ತಪ್ಪುತ್ತಿದೆ, ಆ ತಪ್ಪು ಅಭ್ಯಾಸದಿಂದ ಕಡಿಮೆಯಾಗುತ್ತದೆಯೇ’ ಎಂಬ ಪ್ರಶ್ನೆಗೆ ಆರು ವಾರಗಳಲ್ಲಿ ಉತ್ತರ ಪಡೆಯಲು ಸಾಧ್ಯವಿದೆ. ನಿಮ್ಮ ಮನೆಯವರು ಹೇಳಿದ ಗಾದೆ ಸುಳ್ಳಲ್ಲ. ಆದರೆ ಅದನ್ನು ಪಾಲಿಸುವ ಮೊದಲು ಹಾಸಿಗೆಯನ್ನು ಯಾರಾದರೂ ಅಳೆದಿರಬೇಕಲ್ಲವೇ? ನಿಮ್ಮ ವಿಷಯದಲ್ಲಿ ಆ ಅಳತೆ ಇನ್ನೂ ಆಗಿಲ್ಲ. 58 ಎಂಬ ಸಂಖ್ಯೆ ಅಳತೆಯಂತೆ ಕಾಣುತ್ತದೆ, ಅಷ್ಟೇ.

ಆ 58ರೊಳಗೆ ಏನೇನು ಸೇರಿದೆ ನೋಡಿ. ಪಾಠ ಅರ್ಥವಾಗದೆ ಬಿಟ್ಟ ಪ್ರಶ್ನೆಗಳಿವೆ, ಅರ್ಥವಾಗಿದ್ದೂ ಸಮಯ ಸಾಲದೆ ಬಿಟ್ಟವಿವೆ, ಚಿಹ್ನೆ ತಪ್ಪಿ ಕಳೆದುಕೊಂಡವಿವೆ, ಎರಡು ವರ್ಷಗಳ ಹಿಂದಿನ ಯಾವುದೋ ಅಧ್ಯಾಯ ಗಟ್ಟಿಯಾಗದ ಕಾರಣ ಈ ವರ್ಷದ ಅಧ್ಯಾಯದಲ್ಲಿ ಜಾರಿದವಿವೆ. ಇವು ನಾಲ್ಕೂ ಬೇರೆ ಬೇರೆ ಕಾಯಿಲೆಗಳು, ಮದ್ದೂ ಬೇರೆ ಬೇರೆ. ಅಂಕಪಟ್ಟಿಯಲ್ಲಿ ಮಾತ್ರ ಎಲ್ಲವೂ ಕರಗಿ ಒಂದೇ ಸಂಖ್ಯೆಯಾಗಿ ಬಿಡುತ್ತವೆ. ಆದ್ದರಿಂದ ಮೊದಲ ಕೆಲಸವೆಂದರೆ, ಸಿಗುವುದಾದರೆ ನಿಮ್ಮ ಉತ್ತರ ಪತ್ರಿಕೆಯನ್ನು, ಇಲ್ಲವಾದರೆ ಅದೇ ಪ್ರಶ್ನೆಪತ್ರಿಕೆಯನ್ನು ಗಡಿಯಾರವಿಲ್ಲದೆ ಇನ್ನೊಮ್ಮೆ ಬಿಡಿಸಿ, ಕಳೆದುಕೊಂಡ 42 ಅಂಕಗಳಲ್ಲಿ ಯಾವುದು ಯಾವ ಗುಂಪಿಗೆ ಸೇರುತ್ತದೆ ಎಂದು ಪಕ್ಕದಲ್ಲಿ ಗುರುತು ಹಾಕುವುದು. ಇದು ಒಂದು ಸಂಜೆಯ ಕೆಲಸ. ಆದರೂ ನನ್ನ ಬಳಿ ಸಲಹೆಗೆ ಬರುವವರಲ್ಲಿ ಇದನ್ನು ಮಾಡಿಕೊಂಡು ಬಂದವರು ತೀರ ಕಡಿಮೆ. ತಮ್ಮ ಬುದ್ಧಿಯ ಬಗ್ಗೆ ವರ್ಷಗಟ್ಟಲೆ ಕೊರಗಿದವರೂ ತಮ್ಮ ಉತ್ತರ ಪತ್ರಿಕೆಯನ್ನು ಒಂದು ಗಂಟೆ ಎದುರಿಗಿಟ್ಟುಕೊಂಡು ಕುಳಿತಿರುವುದಿಲ್ಲ. ಅದನ್ನು ನೋಡಲು ನಾಚಿಕೆ.

ಒಬ್ಬ ವಿದ್ಯಾರ್ಥಿನಿಯ ನೋಟುಪುಸ್ತಕದ ಒಂದು ಪುಟ ನನಗೆ ಈಗಲೂ ನೆನಪಿದೆ. 2 ಓಮ್ ಮತ್ತು 3 ಓಮ್‌ನ ಎರಡು ರೋಧಕಗಳನ್ನು ಸಮಾಂತರವಾಗಿ ಜೋಡಿಸಿದಾಗ ಒಟ್ಟು ರೋಧ ಎಷ್ಟು ಎಂಬುದು ಪ್ರಶ್ನೆ. ಆಕೆ 1/2 + 1/3 ಎಂದು ಸರಿಯಾಗಿಯೇ ಬರೆದಿದ್ದಳು. ಮುಂದಿನ ಸಾಲಿನಲ್ಲಿ ಅದು 1/5 ಆಗಿತ್ತು, ಉತ್ತರ 5 ಓಮ್. ಅದರ ಮೇಲೆ ಕೆಂಪು ಗೀಟು, ಸೊನ್ನೆ ಅಂಕ. ನಾನು ಪುಟವನ್ನು ಮುಚ್ಚಿ, ‘ವಿದ್ಯುತ್ ಹರಿಯಲು ಒಂದು ದಾರಿಯ ಪಕ್ಕದಲ್ಲಿ ಇನ್ನೊಂದು ದಾರಿ ತೆರೆದರೆ ಏನಾಗುತ್ತದೆ’ ಎಂದು ಕೇಳಿದೆ. ಹರಿಯುವುದು ಸುಲಭವಾಗುತ್ತದೆ, ಹಾಗಾಗಿ ಒಟ್ಟು ರೋಧ ಇಳಿಯಲೇಬೇಕು ಎಂದು ಆಕೆ ತಡವರಿಸದೆ ಹೇಳಿದಳು. ‘ಹಾಗಾದರೆ 2ಕ್ಕಿಂತಲೂ ಕಡಿಮೆ ಇರಬೇಕಾದ ಉತ್ತರ 5 ಹೇಗಾಯಿತು’ ಎಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ತಾನೇ ಪುಟ ತೆರೆದು ಭಿನ್ನರಾಶಿಯ ಸಾಲಿಗೆ ಬೆರಳಿಟ್ಟಳು. 1/2 ಮತ್ತು 1/3 ಕೂಡಿದರೆ 5/6. ಅದನ್ನು ತಲೆಕೆಳಗು ಮಾಡಿದರೆ 6/5, ಅಂದರೆ 1.2 ಓಮ್. ಆಕೆಗೆ ಭೌತಶಾಸ್ತ್ರ ಬರುತ್ತಿರಲಿಲ್ಲವೇ? ಚೆನ್ನಾಗಿಯೇ ಬರುತ್ತಿತ್ತು. ಬಾರದೆ ಉಳಿದಿದ್ದದ್ದು ಐದಾರು ವರ್ಷ ಹಿಂದೆ ಕಲಿಯಬೇಕಾಗಿದ್ದ ಭಿನ್ನರಾಶಿಯ ಸಂಕಲನ. ಜೊತೆಗೆ, ಉತ್ತರ ಬರೆದ ಮೇಲೆ ‘ಇದು ಸಾಧ್ಯವೇ’ ಎಂದು ಒಂದು ಕ್ಷಣ ನಿಂತು ಕೇಳಿಕೊಳ್ಳುವ ಅಭ್ಯಾಸವಿರಲಿಲ್ಲ. ಈ ಎರಡನ್ನೂ ಕಲಿಸಬಹುದು. ಆದರೆ ಆ ಸೊನ್ನೆಯನ್ನು ಆಕೆ ಅಷ್ಟು ದಿನ ಓದಿಕೊಂಡಿದ್ದದ್ದು ‘ನನ್ನ ತಲೆಗೆ ಭೌತಶಾಸ್ತ್ರ ಹತ್ತುವುದಿಲ್ಲ’ ಎಂದು.

‘ತಲೆಗೆ ಹತ್ತುವುದಿಲ್ಲ’ ಎಂಬ ಮಾತನ್ನು ನಾವು ಎಷ್ಟು ಸಲೀಸಾಗಿ ಬಳಸುತ್ತೇವೆಂದರೆ, ಹತ್ತಲು ಮೆಟ್ಟಿಲು ಬೇಕು, ನಡುವೆ ಒಂದೆರಡು ಮೆಟ್ಟಿಲು ಮುರಿದಿದ್ದರೆ ಎಷ್ಟು ಗಟ್ಟಿ ಕಾಲಿನವರೂ ಅಲ್ಲೇ ನಿಲ್ಲುತ್ತಾರೆ ಎಂಬುದು ಮರೆತೇ ಹೋಗುತ್ತದೆ. ಗಣಿತ, ಭೌತಶಾಸ್ತ್ರಗಳು ಕಷ್ಟವೆನಿಸುವುದಕ್ಕೆ ಒಂದು ದೊಡ್ಡ ಕಾರಣ ಅವುಗಳ ಈ ಏಣಿಯ ಸ್ವಭಾವ. ಇತಿಹಾಸದಲ್ಲಿ ಒಂದು ಅಧ್ಯಾಯ ಕೈಬಿಟ್ಟರೂ ಮುಂದಿನದನ್ನು ಬಹುಮಟ್ಟಿಗೆ ಓದಬಹುದು. ತ್ರಿಕೋನಮಿತಿ ಕೈಬಿಟ್ಟರೆ ಬಲಗಳ ವಿಭಜನೆ, ಅಲೆಗಳು, ಪರ್ಯಾಯ ವಿದ್ಯುತ್ತು ಎಲ್ಲವೂ ಒಂದರ ಹಿಂದೊಂದು ಕೈಬಿಡುತ್ತವೆ.

ಇನ್ನು ಹತ್ತು ನಿಮಿಷ ಮತ್ತು ಅರ್ಧ ಗಂಟೆಯ ವಿಚಾರ. ನಿಧಾನವೆಂದರೆ ಮಂದಬುದ್ಧಿ ಎಂದು ತಿಳಿದವರು ನೀವೊಬ್ಬರೇ ಅಲ್ಲ. 1950ರಲ್ಲಿ ಗಣಿತದ ಅತಿ ದೊಡ್ಡ ಗೌರವಗಳಲ್ಲೊಂದಾದ ಫೀಲ್ಡ್ಸ್ ಪದಕ ಪಡೆದ ಫ್ರಾನ್ಸಿನ ಗಣಿತಜ್ಞ ಲೊರಾಂ ಶ್ವಾರ್ಟ್ಸ್, ತಾವು ಬಹಳ ನಿಧಾನಿಯಾಗಿದ್ದುದರಿಂದ ಶಾಲೆಯ ದಿನಗಳಲ್ಲಿ ತಮ್ಮ ಬುದ್ಧಿಯ ಬಗ್ಗೆಯೇ ಸಂಶಯಪಡುತ್ತಿದ್ದುದನ್ನು ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ದೊಡ್ಡವರ ಉದಾಹರಣೆ ಕೊಟ್ಟು ಹುರಿದುಂಬಿಸುವುದು ನನಗೆ ಅಷ್ಟಾಗಿ ಇಷ್ಟವಿಲ್ಲ. ಶ್ವಾರ್ಟ್ಸ್ ನಿಧಾನಿಯಾಗಿದ್ದರು ಎಂದ ಮಾತ್ರಕ್ಕೆ ನಿಧಾನಿಗಳೆಲ್ಲ ಶ್ವಾರ್ಟ್ಸ್ ಆಗುವುದಿಲ್ಲ, ಅದೂ ಅಲ್ಲದೆ ಅವರು ತರಗತಿಯಲ್ಲಿ ಮುಂದೆಯೇ ಇದ್ದವರು. ವೇಗ ಮತ್ತು ಆಳ ಒಂದೇ ಅಲ್ಲ ಎಂಬಷ್ಟಕ್ಕೆ ಮಾತ್ರ ಅವರನ್ನು ಸಾಕ್ಷಿಯಾಗಿ ಕರೆಯುತ್ತಿದ್ದೇನೆ.

ಹಾಗೆಂದು ನಿಮ್ಮ ನಿಧಾನವನ್ನು ಕಡೆಗಣಿಸುವಂತೆಯೂ ಇಲ್ಲ, ಏಕೆಂದರೆ ಪದವಿಯ ಪರೀಕ್ಷೆಗಳೂ ಗಡಿಯಾರ ನೋಡಿಯೇ ನಡೆಯುತ್ತವೆ. ಅದರ ಕಾರಣ ತಿಳಿದುಕೊಳ್ಳುವುದು ಒಳಿತು. ಮನುಷ್ಯನ ಮನಸ್ಸು ಒಂದು ಹೊತ್ತಿಗೆ ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳು ಬಹಳ ಕಡಿಮೆ. ಮನೋವಿಜ್ಞಾನಿ ನೆಲ್ಸನ್ ಕೋವನ್ 2001ರಲ್ಲಿ ಅನೇಕ ಪ್ರಯೋಗಗಳನ್ನು ಪರಿಶೀಲಿಸಿ ಅದನ್ನು ಸುಮಾರು ನಾಲ್ಕು ಎಂದು ಅಂದಾಜಿಸಿದ್ದರು. ಇಳಿಜಾರಿನ ಮೇಲೆ ಇಟ್ಟ ಪೆಟ್ಟಿಗೆಯ ಲೆಕ್ಕವನ್ನು ಬಿಡಿಸುವಾಗ, ತೂಕದ ಯಾವ ಭಾಗ ಇಳಿಜಾರಿನ ಗುಂಟ ಬರುತ್ತದೆ, ಸೈನ್ ಹಾಕಬೇಕೋ ಕೊಸೈನ್ ಹಾಕಬೇಕೋ, 30 ಡಿಗ್ರಿಯ ಸೈನ್ ಬೆಲೆ ಎಷ್ಟು, ಘರ್ಷಣೆ ಯಾವ ದಿಕ್ಕಿಗೆ ಎಂಬುದನ್ನೆಲ್ಲ ಪ್ರತಿ ಸಲವೂ ಹೊಸದಾಗಿ ಯೋಚಿಸಬೇಕಾದವರ ನಾಲ್ಕು ಜಾಗಗಳೂ ಅಲ್ಲೇ ತುಂಬಿಹೋಗುತ್ತವೆ. ಅಸಲು ಲೆಕ್ಕಕ್ಕೆ ಜಾಗ ಉಳಿಯುವುದಿಲ್ಲ. ಹತ್ತು ನಿಮಿಷದಲ್ಲಿ ಬಿಡಿಸುವ ನಿಮ್ಮ ಗೆಳೆಯರಿಗೆ ಇವೆಲ್ಲ ಕೈಗೆ ಹತ್ತಿದ ಒಂದೇ ಚಲನೆ. ಕೋನವನ್ನು ಸೊನ್ನೆ ಎಂದುಕೊಂಡರೆ ಇಳಿಜಾರು ಸಮತಟ್ಟಾಗುತ್ತದೆ, ಸಮತಟ್ಟಿನಲ್ಲಿ ಪೆಟ್ಟಿಗೆ ತಾನಾಗಿ ಜಾರುವುದಿಲ್ಲ, ಆದ್ದರಿಂದ ಅಲ್ಲಿ ಸೊನ್ನೆಯಾಗುವ ಸೈನ್ ಸರಿ, ಕೊಸೈನ್ ತಪ್ಪು ಎಂದು ಅವರು ಅರೆಕ್ಷಣದಲ್ಲಿ ಪರೀಕ್ಷಿಸಿಯೂ ಬಿಟ್ಟಿರುತ್ತಾರೆ. ಅವರು ಹೆಚ್ಚು ಬುದ್ಧಿವಂತರೂ ಆಗಿರಬಹುದು, ನಾನು ಅಲ್ಲಗಳೆಯುವುದಿಲ್ಲ. ಆದರೆ ಇಪ್ಪತ್ತು ನಿಮಿಷಗಳ ಈ ಅಂತರದಲ್ಲಿ ಎಷ್ಟು ಪಾಲು ಬುದ್ಧಿಯದು, ಎಷ್ಟು ಪಾಲು ರೂಢಿಯದು ಎಂಬುದು ನೀವು ರೂಢಿ ಮಾಡಿಕೊಳ್ಳುವವರೆಗೆ ತಿಳಿಯುವಂತಿಲ್ಲ.

ನಿಮ್ಮ ಪತ್ರದಲ್ಲಿ ಇನ್ನೊಂದು ಸುಳಿವಿದೆ: ಭಾಷೆಯಲ್ಲಿ 91. ಶಾಲಾ ವಿದ್ಯಾರ್ಥಿಗಳು ತಮ್ಮ ಸಾಮರ್ಥ್ಯದ ಬಗ್ಗೆ ಹೇಗೆ ತೀರ್ಮಾನಿಸುತ್ತಾರೆ ಎಂಬುದನ್ನು 1980ರ ದಶಕದಲ್ಲಿ ಅಧ್ಯಯನ ಮಾಡಿದ ಹರ್ಬರ್ಟ್ ಮಾರ್ಷ್ ಒಂದು ಕುತೂಹಲದ ಸಂಗತಿಯನ್ನು ಗುರುತಿಸಿದರು. ನಾವು ನಮ್ಮನ್ನು ಸಹಪಾಠಿಗಳೊಂದಿಗೆ ಹೋಲಿಸಿಕೊಳ್ಳುವುದಲ್ಲದೆ, ನಮ್ಮದೇ ಒಂದು ವಿಷಯವನ್ನು ಇನ್ನೊಂದು ವಿಷಯದೊಂದಿಗೂ ಹೋಲಿಸಿಕೊಳ್ಳುತ್ತೇವೆ. ಭಾಷೆಯಲ್ಲಿ ತುಂಬ ಚೆನ್ನಾಗಿರುವವರು ಅದರ ಎದುರಿಗೆ ತಮ್ಮ ಗಣಿತವನ್ನು ಇಟ್ಟು ನೋಡಿ, ಅದು ಇರುವುದಕ್ಕಿಂತಲೂ ದುರ್ಬಲವೆಂದು ಭಾವಿಸುತ್ತಾರೆ. ಚುರುಕಾದ ಮಕ್ಕಳೇ ತುಂಬಿರುವ ತರಗತಿಯಲ್ಲಿ ಕುಳಿತ ವಿದ್ಯಾರ್ಥಿ, ಅಷ್ಟೇ ಸಾಮರ್ಥ್ಯವಿದ್ದು ಸಾಧಾರಣ ತರಗತಿಯಲ್ಲಿ ಕುಳಿತವನಿಗಿಂತ ತನ್ನನ್ನು ಕಡಿಮೆ ಎಂದುಕೊಳ್ಳುತ್ತಾನೆ ಎಂಬುದನ್ನೂ ಅವರೇ ತೋರಿಸಿದರು. ನಿಮ್ಮ ಸಂಶಯದಲ್ಲಿ ಈ ಎರಡೂ ಇರಬಹುದು. ನೀವು ಹೋಲಿಸಿಕೊಳ್ಳುತ್ತಿರುವ ‘ಜೊತೆಯವರು’ ಯಾರು? ಇಡೀ ತರಗತಿಯೋ, ಮುಂದಿನ ಬೆಂಚಿನ ಮೂವರೋ?

ಭೌತಶಾಸ್ತ್ರದ ಸುತ್ತ ಒಂದು ಪ್ರಭಾವಳಿಯೂ ಇದೆ. 2015ರಲ್ಲಿ ಸಾರಾ ಜೇನ್ ಲೆಸ್ಲಿ, ಆಂಡ್ರೇ ಚಿಂಪಿಯನ್ ಮತ್ತು ಸಂಗಡಿಗರು ಅಮೆರಿಕದ ವಿಶ್ವವಿದ್ಯಾಲಯಗಳ 30 ಜ್ಞಾನಶಾಖೆಗಳ ವಿದ್ವಾಂಸರನ್ನು, ತಮ್ಮ ಕ್ಷೇತ್ರದಲ್ಲಿ ಯಶಸ್ಸಿಗೆ ಹುಟ್ಟು ಪ್ರತಿಭೆ ಎಷ್ಟು ಮುಖ್ಯ ಎಂದು ಕೇಳಿದ್ದರು. ಪ್ರತಿಭೆಯೇ ಬೇಕು ಎಂಬ ನಂಬಿಕೆ ಗಾಢವಾಗಿದ್ದ ಕ್ಷೇತ್ರಗಳಲ್ಲಿ ಭೌತಶಾಸ್ತ್ರ, ಗಣಿತ, ತತ್ತ್ವಶಾಸ್ತ್ರಗಳಿದ್ದವು. ಆ ನಂಬಿಕೆ ಬಲವಾಗಿದ್ದಷ್ಟೂ ಡಾಕ್ಟರೇಟ್ ಪಡೆದವರಲ್ಲಿ ಮಹಿಳೆಯರ ಪ್ರಮಾಣ ಕಡಿಮೆಯಿತ್ತು. ಅಲ್ಲಿ ಅಳೆದದ್ದು ಪ್ರತಿಭೆಯ ಅಗತ್ಯವನ್ನಲ್ಲ, ಅಗತ್ಯವಿದೆ ಎಂಬ ನಂಬಿಕೆಯನ್ನು ಎಂಬುದನ್ನು ಗಮನಿಸಿ. ನಿಮ್ಮ ಒಳಗಿನ ಸಂಶಯದ ಒಂದು ಪಾಲು ನಿಮ್ಮದಲ್ಲ. ಆ ವಿಷಯದ ಬಾಗಿಲಲ್ಲೇ ತೂಗುಹಾಕಿರುವ ಹೆದರಿಕೆಯ ಫಲಕದ್ದು.

ಇಷ್ಟು ಹೇಳಿದ ಮೇಲೆ, ‘ಹಾಗಾದರೆ ನಂಬಿಕೆ ಇಟ್ಟು ಸೇರಿಬಿಡಿ’ ಎಂದು ನಾನು ಹೇಳುತ್ತೇನೆಂದು ನೀವು ಎಣಿಸಿದ್ದರೆ ಕ್ಷಮಿಸಿ. ಬುದ್ಧಿ ಬೆಳೆಯುತ್ತದೆ ಎಂದು ನಂಬಿದರೆ ಸಾಕು ಎಂಬ ಉಪದೇಶ ಈಗ ಎಲ್ಲೆಡೆ ಕೇಳಿಬರುತ್ತದೆ. ಆ ನಂಬಿಕೆಯನ್ನು ಬೆಳೆಸುವ, ಒಂದು ಗಂಟೆಗೂ ಕಡಿಮೆ ಅವಧಿಯ ಪಾಠವೊಂದನ್ನು ಅಮೆರಿಕದ ಸುಮಾರು 12,000 ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳ ಮೇಲೆ ಪ್ರಯೋಗಿಸಿ ನೋಡಿದ ದೊಡ್ಡ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಕಡಿಮೆ ಅಂಕದ ವಿದ್ಯಾರ್ಥಿಗಳ ಸರಾಸರಿ ಗ್ರೇಡ್, ಗರಿಷ್ಠ ನಾಲ್ಕು ಇರುವ ಮಾಪನದಲ್ಲಿ, ಸುಮಾರು 0.1ರಷ್ಟು ಏರಿತು. ಅಷ್ಟು ಸಣ್ಣ ಪಾಠಕ್ಕೆ ಅದು ಒಳ್ಳೆಯ ಫಲವೇ. ಆದರೆ 58ನ್ನು 85 ಮಾಡುವ ಮಂತ್ರ ಅದಲ್ಲ. ನಂಬಿಕೆ ನಿಮ್ಮನ್ನು ಮೇಜಿನ ಮುಂದೆ ಕೂರಿಸಬಲ್ಲದು. ಕುಳಿತ ಮೇಲೆ ಏನು ಮಾಡುತ್ತೀರಿ ಎಂಬುದೇ ಮುಂದಿನದನ್ನು ತೀರ್ಮಾನಿಸುತ್ತದೆ.

ಕುಳಿತು ಹೆಚ್ಚಿನವರು ಮಾಡುವುದು ಒಂದೇ: ಬಿಡಿಸಿಟ್ಟ ಲೆಕ್ಕದ ಮೇಲೆ ಮತ್ತೆ ಮತ್ತೆ ಕಣ್ಣಾಡಿಸುವುದು. ಪ್ರತಿ ಸಾಲೂ ಸರಿಯೆನಿಸುತ್ತದೆ, ‘ಗೊತ್ತಾಯಿತು’ ಎಂಬ ಸಮಾಧಾನ ಸಿಗುತ್ತದೆ, ಪರೀಕ್ಷೆಯಲ್ಲಿ ಖಾಲಿ ಹಾಳೆಯ ಎದುರು ಎಲ್ಲ ಆವಿಯಾಗುತ್ತದೆ. ರೋಡಿಗರ್ ಮತ್ತು ಕಾರ್ಪಿಕೆ ಎಂಬಿಬ್ಬರು ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಿದ್ಯಾರ್ಥಿಗಳು ಒಂದು ಪಾಠವನ್ನು ಎರಡು ಬಾರಿ ಓದಿದರು. ಇನ್ನೊಂದು ಪಾಠವನ್ನು ಒಮ್ಮೆ ಓದಿ, ಎರಡನೆಯ ಬಾರಿ ಅದನ್ನು ನೋಡದೆ ನೆನಪಿದ್ದದ್ದನ್ನು ಬರೆದರು. ಐದು ನಿಮಿಷಗಳ ನಂತರ ಕೇಳಿದಾಗ ಎರಡು ಬಾರಿ ಓದಿದ ಪಾಠವೇ ಮುಂದಿತ್ತು: ಅದರಲ್ಲಿ ಶೇಕಡ 81 ನೆನಪಿತ್ತು, ಬರೆದ ಪಾಠದಲ್ಲಿ 75. ಒಂದು ವಾರದ ನಂತರ ಕೇಳಿದಾಗ ಬರೆದ ಪಾಠದಲ್ಲಿ ಶೇಕಡ 56, ಬರೀ ಓದಿದ ಪಾಠದಲ್ಲಿ 42. ಇನ್ನೂ ನೇರವಾಗಿ ನಿಮ್ಮ ವಿಷಯಕ್ಕೆ ಬರುವುದಾದರೆ, ಹಾರ್ವರ್ಡ್ ವಿಶ್ವವಿದ್ಯಾಲಯದ ಆರಂಭಿಕ ಭೌತಶಾಸ್ತ್ರ ತರಗತಿಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಾವೇ ಲೆಕ್ಕದೊಂದಿಗೆ ಹೆಣಗಾಡಿದ ವಿದ್ಯಾರ್ಥಿಗಳು ನಿರರ್ಗಳ ಉಪನ್ಯಾಸ ಕೇಳಿದವರಿಗಿಂತ ಹೆಚ್ಚು ಕಲಿತಿದ್ದರು, ಆದರೆ ತಾವು ಕಡಿಮೆ ಕಲಿತೆವೆಂದು ಭಾವಿಸಿದ್ದರು. ಹೆಣಗಾಟವೇ ಅವರಿಗೆ ಸರಿಯಾಗಿ ಕಲಿಯುತ್ತಿಲ್ಲ ಎಂಬುದರ ಗುರುತಾಗಿ ಕಂಡಿತ್ತು. ಕಷ್ಟದ ವಿಷಯ ಓದಹೊರಟವರಿಗೆ ಇದಕ್ಕಿಂತ ಮುಖ್ಯವಾದ ಎಚ್ಚರಿಕೆ ಇನ್ನೊಂದು ನನಗೆ ಗೊತ್ತಿಲ್ಲ: ನಿಜವಾಗಿ ಕಲಿಯುತ್ತಿರುವ ಹೊತ್ತಿನಲ್ಲೇ ‘ನನಗೆ ಇದು ಆಗದು’ ಎಂಬ ಭಾವನೆ ಬರಬಹುದು.

ಈಗ ಆರು ವಾರಗಳ ಮಾತಿಗೆ ಬರೋಣ. ಪದವಿಯ ಮೊದಲ ವರ್ಷದ ಭೌತಶಾಸ್ತ್ರದ ಪಠ್ಯಪುಸ್ತಕವೊಂದನ್ನು ಗ್ರಂಥಾಲಯದಿಂದ ತನ್ನಿ. ಬಲವಿಜ್ಞಾನದ ಎರಡು ಅಧ್ಯಾಯಗಳು ಸಾಕು, ಚಲನೆಯ ನಿಯಮಗಳು ಮತ್ತು ಶಕ್ತಿ. ವಾರಕ್ಕೆ ಐದು ದಿನ, ದಿನಕ್ಕೆ ಒಂದೂವರೆ ಗಂಟೆಯಂತೆ ಒಟ್ಟು 45 ಗಂಟೆಗಳಾಗುತ್ತವೆ. ಮೊದಲ ಹತ್ತು ದಿನಗಳನ್ನು ಪೂರ್ತಿ ಹಳೆಯ ಮೆಟ್ಟಿಲುಗಳಿಗೆ ಕೊಡಿ: ಭಿನ್ನರಾಶಿ, ಸಮೀಕರಣಗಳಲ್ಲಿ ಪದಗಳನ್ನು ಆಚೀಚೆ ಮಾಡುವುದು, ತ್ರಿಕೋನಮಿತಿ, ನಕ್ಷೆ ಓದುವುದು. ಚಿಕ್ಕ ತರಗತಿಯ ಪುಸ್ತಕ ಹಿಡಿದು ಕೂರಲು ಸಂಕೋಚವಾಗುತ್ತದೆ, ಗೊತ್ತು. ಬಾಗಿಲು ಹಾಕಿಕೊಂಡು ಕುಳಿತುಕೊಳ್ಳಿ. ಆನಂತರ ಪ್ರತಿದಿನ ಪಾಠ ಓದಲು ಅರ್ಧ ಗಂಟೆ, ಪುಸ್ತಕ ಮುಚ್ಚಿ ಲೆಕ್ಕ ಬಿಡಿಸಲು ಒಂದು ಗಂಟೆ. ಒಂದು ಲೆಕ್ಕದಲ್ಲಿ ಸಿಕ್ಕಿಕೊಂಡರೆ ಕನಿಷ್ಠ ಇಪ್ಪತ್ತು ನಿಮಿಷವಾದರೂ ಅದರೊಂದಿಗೆ ಜಗಳವಾಡದೆ ಉತ್ತರದ ಪುಟ ತೆರೆಯಬೇಡಿ. ತೆರೆದ ಮೇಲೆ ಅದನ್ನು ಮುಚ್ಚಿ, ಮೊದಲಿನಿಂದ ನೀವೇ ಬರೆಯಿರಿ. ಅದೇ ಲೆಕ್ಕವನ್ನು ಮೂರು ದಿನ ಬಿಟ್ಟು ಮತ್ತೆ ಬಿಡಿಸಿ.

ತಪ್ಪುಗಳಿಗಾಗಿಯೇ ಒಂದು ಬೇರೆ ನೋಟುಪುಸ್ತಕ ಇಡಿ. ಅದರಲ್ಲಿ ‘ತಪ್ಪಾಯಿತು’ ಎಂದು ಬರೆದರೆ ಪ್ರಯೋಜನವಿಲ್ಲ. ‘ಘರ್ಷಣೆಯ ದಿಕ್ಕನ್ನು ಚಲನೆಯ ದಿಕ್ಕಿನಲ್ಲೇ ತೆಗೆದುಕೊಂಡೆ’, ‘ಗ್ರಾಮನ್ನು ಕಿಲೋಗ್ರಾಮ್ ಮಾಡುವುದನ್ನು ಮರೆತೆ’, ‘ಪ್ರಶ್ನೆ ಏನು ಕೇಳುತ್ತಿದೆ ಎಂಬುದೇ ತಿಳಿಯಲಿಲ್ಲ’ ಎಂದು ಬಿಡಿಸಿ ಬರೆಯಬೇಕು. ಮೂರನೆಯ ವಾರದ ಕೊನೆಗೆ ಮತ್ತು ಆರನೆಯ ವಾರದ ಕೊನೆಗೆ, ಅದುವರೆಗೆ ಮುಟ್ಟದ ಎಂಟು ಲೆಕ್ಕಗಳನ್ನು ಆರಿಸಿ ಎರಡು ಗಂಟೆಯಲ್ಲಿ ಬಿಡಿಸಿ. ನಾನಾಗಿದ್ದರೆ ಎಷ್ಟು ಸರಿಯಾಯಿತು ಎಂಬುದಕ್ಕಿಂತ ತಪ್ಪುಗಳ ಜಾತಿ ಬದಲಾಯಿತೇ ಎಂಬುದನ್ನು ನೋಡುತ್ತೇನೆ. ಮೂರನೆಯ ವಾರದ ತಪ್ಪುಗಳು ಅಳಿದು, ಅವುಗಳ ಜಾಗದಲ್ಲಿ ಹೊಸ, ಇನ್ನೂ ಸೂಕ್ಷ್ಮವಾದ ತಪ್ಪುಗಳು ಬಂದಿದ್ದರೆ ನೀವು ಏಣಿ ಹತ್ತುತ್ತಿದ್ದೀರಿ. ಎಂಟರಲ್ಲಿ ಮೂರೇ ಸರಿಯಾಗಿದ್ದರೂ ಚಿಂತೆಯಿಲ್ಲ.

ಪ್ರಯೋಗದ ಇನ್ನೊಂದು ಉದ್ದೇಶ ಅಷ್ಟೇ ಮುಖ್ಯ. ಮೂರು ವರ್ಷಗಳ ಆಸೆ ಎಂದಿದ್ದೀರಿ. ಆಸೆ ಯಾವುದರ ಮೇಲೆ? ಕಪ್ಪುಕುಳಿ, ಕಾಲದ ವಕ್ರತೆ, ವಿಶ್ವದ ಹುಟ್ಟು ಇವುಗಳ ಬಗ್ಗೆ ಓದುವುದು ಯಾರಿಗಾದರೂ ರೋಮಾಂಚನ ತರುತ್ತದೆ. ಆದರೆ ಭೌತಶಾಸ್ತ್ರದ ಪದವಿಯ ಬಹುಪಾಲು ದಿನಗಳು ಸ್ಪ್ರಿಂಗಿಗೆ ಕಟ್ಟಿದ ತೂಕ, ಸಮಾಕಲನ, ಪ್ರಯೋಗಾಲಯದಲ್ಲಿ ಲೋಲಕದ ಇಪ್ಪತ್ತು ಆಂದೋಲನಗಳನ್ನು ಎಣಿಸಿ, ಮತ್ತೆ ಎಣಿಸಿ, ಎರಡು ಎಣಿಕೆಗಳ ನಡುವಿನ ವ್ಯತ್ಯಾಸದ ಬಗ್ಗೆ ವರದಿ ಬರೆಯುವುದು ಇವುಗಳಲ್ಲೇ ಕಳೆಯುತ್ತವೆ. ಆರು ವಾರಗಳಲ್ಲಿ, ಬಾರದ ಲೆಕ್ಕವೊಂದು ಊಟದ ಹೊತ್ತಿನಲ್ಲೂ ಕಾಡಿ, ಕೊನೆಗೆ ಬಿಡಿಸಿದಾಗ ‘ಇನ್ನೊಂದು ನೋಡೋಣ’ ಎನಿಸಿದ್ದು ಕೆಲವು ಬಾರಿಯಾದರೂ ಆಯಿತೇ? ಆಗಿದ್ದರೆ ಅದು ನಿಮ್ಮ 58ಕ್ಕಿಂತ ಭಾರವಾದ ಸಾಕ್ಷಿ. ಪ್ರತಿದಿನವೂ ಗಂಟೆ ಮುಗಿದರೆ ಸಾಕಪ್ಪ ಎನಿಸಿತೇ? ಅದೂ ಸಾಕ್ಷಿಯೇ. ವಿಜ್ಞಾನದ ಕಥೆಗಳನ್ನು ಪ್ರೀತಿಸಿ, ಭಾಷೆಯಲ್ಲಿ 91 ಪಡೆಯುವ ವ್ಯಕ್ತಿಗೆ ವಿಜ್ಞಾನದ ಬಗ್ಗೆ ಬರೆಯುವ, ಕಲಿಸುವ, ವಿಜ್ಞಾನದ ಇತಿಹಾಸ ಓದುವ ದಾರಿಗಳಿವೆ. ಅವು ಸೋತವರ ದಾರಿಗಳಲ್ಲ.

ಆರು ವಾರವೂ ಪ್ರಾಮಾಣಿಕವಾಗಿ ಕೂತು, ಮೂರನೆಯ ವಾರದ ತಪ್ಪುಗಳೇ ಆರನೆಯ ವಾರದಲ್ಲೂ ಹಾಗೇ ಉಳಿದಿದ್ದರೆ, ತಕ್ಷಣ ‘ಇಲ್ಲ’ ಎನ್ನುವ ಮೊದಲು ಯಾರಾದರೊಬ್ಬ ಅಧ್ಯಾಪಕರ ಎದುರು ಆ ನೋಟುಪುಸ್ತಕವನ್ನು ತೆರೆದಿಡಿ. ಕೆಲವೊಮ್ಮೆ ಒಂದೇ ತಪ್ಪು ಕಲ್ಪನೆ ಹತ್ತು ಲೆಕ್ಕಗಳನ್ನು ಕೆಡಿಸುತ್ತಿರುತ್ತದೆ. ಅದರ ನಂತರವೂ ಕದಲದಿದ್ದರೆ, ಈ ವರ್ಷ ಭೌತಶಾಸ್ತ್ರಕ್ಕೆ ಸೇರಬೇಡಿ ಎಂದೇ ನಾನು ಹೇಳುತ್ತೇನೆ. ಓದಿನ ಜೊತೆಗೆ ದುಡಿಯಲೇಬೇಕಾದವರು, ಆರೋಗ್ಯ ಸರಿಯಿಲ್ಲದವರು, ಒಂದು ವಿಷಯದಲ್ಲಿ ನಪಾಸಾದರೆ ವಿದ್ಯಾರ್ಥಿವೇತನ ನಿಂತುಹೋಗುವವರು ಇವರ ವಿಷಯದಲ್ಲಿ ನಾನು ಇನ್ನೂ ಬೇಗ ಆ ಮಾತು ಹೇಳುತ್ತೇನೆ. ಏಕೆಂದರೆ ಮೆಟ್ಟಿಲು ರಿಪೇರಿಗೆ ಬೇಕಾಗುವುದು ಮುಖ್ಯವಾಗಿ ಸಮಯ, ಅವರ ಬಳಿ ಇಲ್ಲದ್ದೂ ಅದೇ.

ಪ್ರಯೋಗ ‘ಹೌದು’ ಎಂದರೆ, ಯಾವ ಕಾಲೇಜು ಎಂಬುದನ್ನು ಹೆಸರು ನೋಡಿ ಆರಿಸಬೇಡಿ. ಕೆಲವು ಸಂಗತಿಗಳನ್ನು ಕೇಳಿ ತಿಳಿಯಿರಿ. ಮುಖ್ಯ ವಿಷಯವನ್ನು ಬದಲಿಸಲು ಯಾವ ದಿನಾಂಕದವರೆಗೆ ಅವಕಾಶವಿದೆ, ಬದಲಿಸಿದರೆ ಮೊದಲ ವರ್ಷ ಓದಿದ್ದರಲ್ಲಿ ಎಷ್ಟು ಲೆಕ್ಕಕ್ಕೆ ಬರುತ್ತದೆ, ಬಾಕಿ ಉಳಿದ ಪೇಪರನ್ನು ಮತ್ತೆ ಬರೆಯುವ ನಿಯಮವೇನು, ಗಣಿತಕ್ಕೆ ಪೂರಕ ತರಗತಿ ನಡೆಯುತ್ತದೆಯೇ ಎಂಬುದನ್ನು ಸೇರುವ ಮೊದಲೇ ತಿಳಿದಿದ್ದರೆ ಧೈರ್ಯಕ್ಕೆ ಒಂದು ಆಧಾರವಿರುತ್ತದೆ. ತರಗತಿಯಲ್ಲಿ ವಿದ್ಯಾರ್ಥಿಗಳಿಂದ ಲೆಕ್ಕ ಬಿಡಿಸುತ್ತಾರೋ, ಅಥವಾ ಅಧ್ಯಾಪಕರು ಹಲಗೆ ತುಂಬಿಸಿ ಹೋಗುತ್ತಾರೋ ಎಂಬುದನ್ನು ಅಲ್ಲಿನ ಸೀನಿಯರ್‌ಗಳನ್ನು ಕೇಳಿ. ಇದು ಸಣ್ಣ ವ್ಯತ್ಯಾಸವಲ್ಲ. ವಿಜ್ಞಾನ, ಎಂಜಿನಿಯರಿಂಗ್, ಗಣಿತಗಳ ಬೋಧನೆಯ ಕುರಿತ 225 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೊಂದರಲ್ಲಿ, ಬರೀ ಉಪನ್ಯಾಸ ನಡೆಯುವ ತರಗತಿಗಳಲ್ಲಿ ಸರಾಸರಿ ಶೇಕಡ 33.8 ವಿದ್ಯಾರ್ಥಿಗಳು ಅನುತ್ತೀರ್ಣರಾಗಿದ್ದರೆ, ವಿದ್ಯಾರ್ಥಿಗಳನ್ನು ತೊಡಗಿಸುವ ತರಗತಿಗಳಲ್ಲಿ ಅದು ಶೇಕಡ 21.8 ಆಗಿತ್ತು. ಇನ್ನೊಂದು ಸಣ್ಣ ಉಪಾಯ: ಆಯ್ಕೆಗೆ ಅವಕಾಶವಿದ್ದರೆ ಮೊದಲ ಸೆಮಿಸ್ಟರ್‌ನಲ್ಲಿ ಭಾರವಾದ ಮೂರು ಪೇಪರುಗಳನ್ನು ಒಟ್ಟಿಗೆ ಹೊರಬೇಡಿ; ಗಣಿತ, ಭೌತಶಾಸ್ತ್ರಗಳ ಜೊತೆ ನೀವು ಚೆನ್ನಾಗಿರುವ ಭಾಷೆಯ ಪೇಪರೊಂದಿರಲಿ.

ಸೇರಿದ ಮೇಲೆ ಒಂಟಿಯಾಗಿ ಓದಬೇಡಿ. ಇದನ್ನು ಹೇಳುವಾಗಲೆಲ್ಲ ನನಗೆ ಅಮೆರಿಕದ ಗಣಿತಜ್ಞ ಯೂರಿ ಟ್ರೈಸ್‌ಮನ್ ನೆನಪಾಗುತ್ತಾರೆ. 1970ರ ದಶಕದಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕಪ್ಪು ವಿದ್ಯಾರ್ಥಿಗಳು ಕಲನಶಾಸ್ತ್ರದಲ್ಲಿ ಏಕೆ ಹಿಂದೆ ಬೀಳುತ್ತಿದ್ದಾರೆ ಎಂಬ ಪ್ರಶ್ನೆ ಎದ್ದಾಗ, ಅಧ್ಯಾಪಕರು ಕೊಟ್ಟ ಕಾರಣಗಳು ನಿರೀಕ್ಷಿತವಾಗಿದ್ದವು: ಉತ್ಸಾಹವಿಲ್ಲ, ತಳಪಾಯ ಸಾಲದು, ಮನೆಯ ಬೆಂಬಲವಿಲ್ಲ. ಟ್ರೈಸ್‌ಮನ್ 20 ಮಂದಿ ಕಪ್ಪು ವಿದ್ಯಾರ್ಥಿಗಳನ್ನೂ 20 ಮಂದಿ ಚೀನೀ ಮೂಲದ ವಿದ್ಯಾರ್ಥಿಗಳನ್ನೂ ಹತ್ತಿರದಿಂದ ಗಮನಿಸಿದರು. ಆ ಯಾವ ಕಾರಣವೂ ನಿಲ್ಲಲಿಲ್ಲ. ಮೊದಲ ಗುಂಪಿನವರು ಶ್ರದ್ಧೆಯಿಂದ, ಆದರೆ ಬಹುತೇಕ ಒಬ್ಬೊಬ್ಬರೇ ಓದುತ್ತಿದ್ದರು. ಎರಡನೆಯ ಗುಂಪಿನವರು ತಮ್ಮ ಪಾಲಿನ ಓದು ಮುಗಿಸಿ, ಸಂಜೆ ಒಟ್ಟಿಗೆ ಕುಳಿತು ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಿದ್ದುತ್ತಿದ್ದರು. ಹಾಗಾಗಿ ಯಾವ ಲೆಕ್ಕ ತನಗೊಬ್ಬನಿಗೆ ಕಷ್ಟ, ಯಾವುದು ಎಲ್ಲರಿಗೂ ಕಷ್ಟ ಎಂಬುದು ಅವರಿಗೆ ತಿಳಿಯುತ್ತಿತ್ತು. ಟ್ರೈಸ್‌ಮನ್ ಆರಂಭಿಸಿದ ಕಾರ್ಯಾಗಾರಗಳಲ್ಲಿ ಹಿಂದುಳಿದವರೆನಿಸಿಕೊಂಡವರಿಗೆ ಸುಲಭದ ಲೆಕ್ಕ ಕೊಡಲಿಲ್ಲ, ಒಟ್ಟಿಗೆ ಕೂತು ಬಿಡಿಸಲು ಕಷ್ಟದ ಲೆಕ್ಕಗಳನ್ನೇ ಕೊಟ್ಟರು. ಫಲಿತಾಂಶ ಗಮನಾರ್ಹವಾಗಿ ಸುಧಾರಿಸಿತು.

‘ಎಲ್ಲರಿಗೂ ಕಷ್ಟ’ ಎಂದು ತಿಳಿಯುವುದು ಸಣ್ಣ ಲಾಭವಲ್ಲ. ನಿಮ್ಮ ಮೊದಲ ಕಿರುಪರೀಕ್ಷೆ ಬಹುಶಃ ಚೆನ್ನಾಗಿ ಆಗುವುದಿಲ್ಲ; ಶಾಲೆಯಲ್ಲಿ 90 ಪಡೆದವರಿಗೂ ಆಗುವುದಿಲ್ಲ. ವ್ಯತ್ಯಾಸವೇನೆಂದರೆ, ಅವರು ಪ್ರಶ್ನೆಪತ್ರಿಕೆ ಕಷ್ಟವಿತ್ತು ಎನ್ನುತ್ತಾರೆ, ನೀವು ನನ್ನ ತಲೆ ಸರಿಯಿಲ್ಲ ಎನ್ನುತ್ತೀರಿ. ಪತ್ರಿಕೆ ಕೈಗೆ ಬಂದ ವಾರದೊಳಗೆ ಅದನ್ನು ಹಿಡಿದುಕೊಂಡು ಅಧ್ಯಾಪಕರ ಕೊಠಡಿಗೆ ಹೋಗಿ. ‘ನನಗೆ ಏನೂ ಅರ್ಥವಾಗುತ್ತಿಲ್ಲ, ಸರ್’ ಎಂದರೆ ಅವರಿಗೂ ಏನು ಹೇಳಬೇಕೆಂದು ತೋಚುವುದಿಲ್ಲ. ‘ಮೂರನೆಯ ಲೆಕ್ಕದಲ್ಲಿ ಈ ಸಾಲಿನವರೆಗೆ ಬಂದೆ, ಇಲ್ಲಿ ಆವೇಗ ಸಂರಕ್ಷಣೆ ಬಳಸಬಹುದೆಂದು ತಿಳಿಯುವುದು ಹೇಗೆ’ ಎಂದು ಕೇಳಿದರೆ ಹತ್ತು ನಿಮಿಷ ಕೂರಿಸಿ ಹೇಳುತ್ತಾರೆ.

ಮನೆಯವರಿಗೆ ಏನು ಹೇಳುವುದು ಎಂಬುದು ಉಳಿಯಿತು. ಸುಲಭದ ವಿಷಯದಲ್ಲಿ ಒಳ್ಳೆಯ ಅಂಕ ಎಂಬ ಅವರ ಲೆಕ್ಕದಲ್ಲಿ ಒಂದು ತೊಡಕಿದೆ: ಯಾವ ವಿಷಯವೂ ಮೂರನೆಯ ವರ್ಷದವರೆಗೆ ಸುಲಭವಾಗಿ ಉಳಿಯುವುದಿಲ್ಲ, ಮತ್ತು ಮನಸ್ಸಿಲ್ಲದ ವಿಷಯದಲ್ಲಿ ಕಷ್ಟ ಎದುರಾದಾಗ ಕೂರುವ ತಾಳ್ಮೆ ಎಲ್ಲಿಂದಲೂ ಬರುವುದಿಲ್ಲ. ಆದರೆ ಅವರೊಂದಿಗೆ ವಾದಕ್ಕಿಳಿಯುವ ಅಗತ್ಯ ಕಾಣುವುದಿಲ್ಲ. ಅವರ ಆತಂಕವೆಲ್ಲ ನೀವು ಸೋತು, ವರ್ಷಗಳು ಕಳೆದುಹೋಗಿ, ಹಿಂತಿರುಗಲು ದಾರಿಯಿಲ್ಲದಂತಾದರೆ ಎಂಬುದು. ಆದ್ದರಿಂದ ಆರು ವಾರಗಳ ನಂತರ ತಪ್ಪುಗಳ ನೋಟುಪುಸ್ತಕವನ್ನೂ, ಕಾಲೇಜಿನಲ್ಲಿ ವಿಷಯ ಬದಲಿಸಲು ಇರುವ ಕೊನೆಯ ದಿನಾಂಕವನ್ನೂ ಅವರ ಮುಂದಿಡಿ. ಆ ದಿನಾಂಕಕ್ಕೆ ಮೂರು ವಾರ ಮುಂಚೆ ಅವರೊಂದಿಗೆ ಕುಳಿತು ಅದುವರೆಗಿನ ಪರೀಕ್ಷೆಗಳನ್ನು ನೋಡುತ್ತೇನೆ, ಯಾವ ಮಟ್ಟಕ್ಕಿಂತ ಕೆಳಗಿದ್ದರೆ ಬದಲಿಸುತ್ತೇನೆ ಎಂಬುದನ್ನು ಈಗಲೇ, ತಲೆ ತಣ್ಣಗಿರುವಾಗಲೇ ಬರೆದಿಟ್ಟು ಒಪ್ಪಿಸಿ. ಪರೀಕ್ಷೆ ಕೆಟ್ಟ ದಿನ ಸಂಜೆ ಆ ಮಟ್ಟವನ್ನು ಹೊಸದಾಗಿ ನಿಗದಿ ಮಾಡಲು ಹೋಗಬೇಡಿ.